ದ್ಯಾವಮ್ಮ ಏನು ಕೆಲಸ ಮಾಡ್ತಾಳೆ?

"ಮೈ ಮದರ್ ಈಸ್ ನಥಿಂಗ್."

ನಾಲ್ಕನೇ ಕ್ಲಾಸಿನ ಹುಡುಗಿ ಎದ್ದು ನಿಂತು, ಕೈ ಕಟ್ಟಿ, ಎಲ್ಲೂ ತಡವರಿಸದೆ ಹೀಗೆ ಹೇಳಿದಳು. ನನ್ನ ಕೈಯಲ್ಲಿದ್ದ ಪೈಲಟ್ ಕೆಳಗೆ ಬಿದ್ದ. (ಗಾಬರಿ ಆಗಬೇಡಿ, ಕಾರ್ಡಿನ ಮೇಲಿನ ಪೈಲಟ್.)

ಇದು ಕಳೆದ ಶನಿವಾರದ ಮಾತು. ನನ್ನ ತಂಗಿ ಸುಜಾತಾ ದೇವದುರ್ಗದ ಕಡೆ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಟೀಚರ್. ನಾನು ರಾಯಚೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್. ಅವಳ ಶಾಲೆಗೆ ಬಾ ಅಂತ ಎರಡು ವರ್ಷದಿಂದ ಕರೀತಾನೇ ಇದ್ದಳು, ನಾನು ಪರೀಕ್ಷೆ, ಪೇಪರ್ ವ್ಯಾಲ್ಯುಯೇಷನ್ ಅಂತ ನೆಪ ಹೇಳ್ತಾನೇ ಇದ್ದೆ. ಈ ಸಲ ಅವಳು ನೆಪ ಕೇಳುವ ಮೂಡಿನಲ್ಲಿ ಇರಲಿಲ್ಲ.

"ಅಕ್ಕಾ, ಶನಿವಾರ ಮಕ್ಕಳಿಗೆ ಬ್ಯಾಗ್ ಇರಂಗಿಲ್ಲ. ಬೇರೆ ಬೇರೆ ಕೆಲಸದ ಇಂಗ್ಲಿಷ್ ಹೆಸರು ಕಲಸಬೇಕಂತ ಮಾಡೀನಿ. ಅವತ್ತೇ ಪಾಲಕರ ಸಭಿ ಅದ. ಒಂದೊಂದು ಮಗು ತಮ್ಮ ಅಪ್ಪನ್ನೋ ಅವ್ವನ್ನೋ ಮುಂದ ನಿಲ್ಲಿಸಿ, ಇಂಗ್ಲಿಷಿನ್ಯಾಗ ಎರಡು ಮಾತು ಹೇಳಬೇಕು. ನೀನು ಬಂದ್ರ ಛಲೋ ಆಗ್ತದ" ಅಂದಳು.

ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಶುಕ್ರವಾರ ಸಂಜೆ ಸ್ಟೇಷನರಿ ಅಂಗಡಿಗೆ ಹೋಗಿ ಚಿತ್ರದ ಕಾರ್ಡುಗಳ ಒಂದು ಪ್ಯಾಕೆಟ್ ತಗೊಂಡೆ. "ಇದರಾಗ ದುನಿಯಾದಾಗಿನ ಎಲ್ಲಾ ನೌಕರಿ ಅದಾವ ನೋಡ್ರಿ ಮೇಡಮ್" ಅಂದ ಅಂಗಡಿಯವನು. ನಾನೂ ನಂಬಿದೆ. ಮರುದಿನ ಬೆಳಗ್ಗೆ ಬೇಗನೆ ಬಸ್ ಹತ್ತಿದೆ. ಕಲ್ಮಲ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಹತ್ತಿ ಹೂ ಬಿಟ್ಟಿತ್ತು. ನಾನು ಅದನ್ನ ನೋಡಲಿಲ್ಲ, ಕಾರ್ಡು ನೋಡ್ತಿದ್ದೆ. ಆಸ್ಟ್ರೊನಾಟ್, ಶೆಫ್, ಫೈರ್‌ಮ್ಯಾನ್, ಪೈಲಟ್. ಎಲ್ಲರೂ ನಗ್ತಾ ನಿಂತಿದ್ದರು. ಕೆಲಸಕ್ಕೆ ಹೊರಟವರ ಮುಖ ಅಷ್ಟೊಂದು ನಗೋದನ್ನ ನಾನು ನಮ್ಮ ಕಾಲೇಜಿನಲ್ಲಂತೂ ಕಂಡಿಲ್ಲ.

ಕ್ಲಾಸು ಶುರುವಾಯಿತು. ಮೊದಲ ಕಾರ್ಡು ಫೈರ್‌ಮ್ಯಾನ್. ಬೆಂಕಿ ಆರಿಸುವವನು ಅಂತ ವಿವರಿಸಿದೆ.

"ಅವನೊಬ್ಬನೇ ಯಾಕ್ರಿ?" ಮುಂದೆ ಕೂತಿದ್ದ ಹುಡುಗ ಕೇಳಿದ. "ನಮ್ಮೂರಾಗ ಬಣವಿಗೆ ಬೆಂಕಿ ಬಿದ್ರ ಎಲ್ಲಾರೂ ಕೊಡ ತಗೊಂಡು ಓಡ್ತಾರ್ರಿ."

ನಾನು ತಟ್ಟನೆ ಮುಂದಿನ ಕಾರ್ಡು ತೆಗೆದೆ. ಮಿಲ್ಕ್‌ಮ್ಯಾನ್. ಟೋಪಿ ಹಾಕ್ಕೊಂಡು ಬಾಟಲಿ ಹಿಡಿದು ನಿಂತ ಒಬ್ಬ ಬಿಳಿ ಮನುಷ್ಯ.

"ಇಂವ ಎಮ್ಮಿ ಹಿಂಡತಾನೇನ್ರಿ?"

"ಇಲ್ಲ, ಹಾಲು ಮನೆಮನೆಗೆ ಕೊಡ್ತಾನೆ."

"ಹಂಗಾದ್ರ ಹಿಂಡಾಕಿ ಕಾರ್ಡ್ ಯಾವುದ್ರಿ?"

ಪ್ಯಾಕೆಟ್ಟಿನಲ್ಲಿ ಹುಡುಕಿದ ಹಾಗೆ ಮಾಡಿದೆ. (ಇರಲಿಲ್ಲ. ಇರಲ್ಲ ಅಂತ ನನಗೂ ಗೊತ್ತಿತ್ತು.) ಸುಜಾತಾ ಕಿಟಕಿ ಕಡೆ ಮುಖ ತಿರುಗಿಸಿ ನಗ್ತಿದ್ದಳು. ಮಕ್ಕಳಿಗೆ ಮಾತ್ರ ಬಹಳ ಖುಷಿ. ಪೈಲಟ್, ಟೇಲರ್, ಡ್ರೈವರ್ ಅಂತ ಗಂಟಲು ಹರಿಯೋ ಹಾಗೆ ಕೂಗಿದರು. ಕಾರ್ಡಿನಲ್ಲಿಲ್ಲದ ಫಾರ್ಮರ್, ಶೆಫರ್ಡ್, ಲೇಬರರ್ ಇವನ್ನ ಕನ್ನಡದ ಅರ್ಥದ ಜೊತೆ ಬೋರ್ಡಿನ ಮೇಲೆ ಬರೆದೆ. ಒಂದು ತಾಸಿನಲ್ಲಿ ಎಲ್ಲ ಹೆಸರೂ ಬಾಯಿಪಾಠ. ನನಗೂ ಹೆಮ್ಮೆ ಅನಿಸಿತು, ಸುಳ್ಳು ಯಾಕೆ ಹೇಳಲಿ?

ಆಮೇಲೆ ಸಭೆಯ ತಯಾರಿ. ಪಾಲಕರು ಹತ್ತು ಗಂಟೆಗೆ ಬರುವವರಿದ್ದರು. ಒಬ್ಬೊಬ್ಬರನ್ನೇ ಎಬ್ಬಿಸಿ ಅಪ್ಪ ಏನು, ಅವ್ವ ಏನು ಅಂತ ಹೇಳಿಸತೊಡಗಿದೆ. ಮೈ ಫಾದರ್ ಈಸ್ ಎ ಡ್ರೈವರ್. ಮೈ ಫಾದರ್ ಈಸ್ ಎ ಫಾರ್ಮರ್. ಎಲ್ಲ ಸರಾಗ ನಡೀತಿತ್ತು. ಆಗಲೇ ರೇಣುಕಾ ಎದ್ದಳು. ಎರಡು ಜಡೆ, ಎರಡಕ್ಕೂ ಬೇರೆ ಬೇರೆ ಬಣ್ಣದ ರಿಬ್ಬನ್.

"ಮೈ ಫಾದರ್ ಈಸ್ ಎ ಶೆಫರ್ಡ್. ಮೈ ಮದರ್ ಈಸ್ ನಥಿಂಗ್."

ಅಪ್ಪ ಕುರಿ ಹೊಡಕೊಂಡು ಕೃಷ್ಣಾ ಹೊಳೆಯ ಆಚೆ ಹೋಗಿದ್ದಾನಂತೆ, ಬರೋದು ಇನ್ನೂ ಎರಡು ತಿಂಗಳು. ಹಾಗಾಗಿ ಸಭೆಗೆ ಬರುವವಳು ಅವ್ವ, ದ್ಯಾವಮ್ಮ. ಆ ಅವ್ವನ ಪಕ್ಕದಲ್ಲೇ ನಿಂತು ಈ ಹುಡುಗಿ ಎಲ್ಲರ ಎದುರು 'ನಥಿಂಗ್' ಅನ್ನಬೇಕು.

"ಹಂಗ್ಯಾಕ ಅಂದಿ ಪುಟ್ಟಿ?" ಅಂತ ಕೇಳಿದೆ.

"ಅವ್ವನ ಹೇಳ್ಯಾಳ್ರಿ. ಶಾಲಿ ಫಾರಂ ತುಂಬೋ ಮುಂದ ನನ್ನ ಕೆಲಸ ಏನೂ ಇಲ್ಲ ಅಂತ ಬರೀರಿ ಅಂದ್ಲು. 'ಏನೂ ಇಲ್ಲ'ಕ್ಕ ನಥಿಂಗ್ ಅಂತಾರಲ್ರಿ?"

ಇಂಗ್ಲಿಷು ಸರಿಯಾಗೇ ಇತ್ತು. ಬೈಯೋಕೆ ಜಾಗ ಇರಲಿಲ್ಲ.

"ಈಗ ಎಲ್ಲಿದ್ದಾಳ ನಿಮ್ಮವ್ವ?"

"ಹತ್ತಿ ಪ್ಲಾಟಿನ್ಯಾಗ ಅದಾಳ್ರಿ. ಕ್ರಾಸಿಂಗಿಗೆ ಹೋಗ್ಯಾಳ."

ನಮ್ಮ ಕಡೆಯವರಿಗೆ ಕ್ರಾಸಿಂಗ್ ಗೊತ್ತು. ಗೊತ್ತಿಲ್ಲದವರಿಗೆ ಇಷ್ಟು ಸಾಕು: ಎರಡು ಜಾತಿಯ ಹತ್ತಿಯ ಹೂಗಳನ್ನ ಕೈಯಿಂದ ಕೂಡಿಸಿ ಹೊಸ ಬೀಜ ಮಾಡೋ ಕೆಲಸ. ಅಂಗಡಿಯಲ್ಲಿ ಚೆಂದದ ಪ್ಯಾಕೆಟ್ಟಿನಲ್ಲಿ ಸಿಗುತ್ತಲ್ಲ ಹತ್ತಿ ಬೀಜ, ಅದು ಆಕಾಶದಿಂದ ಉದುರಲ್ಲ. ಇಂಥ ಹೆಣ್ಣುಮಕ್ಕಳ ಬೆರಳ ತುದಿಯಿಂದ ಬರುತ್ತೆ.

"ಹಂಗಾದ್ರ ಅದನ್ನ ಹೇಳೋಣ" ಅಂದೆ. ಹೇಳೋಣ ಅಂದವಳು ಅಲ್ಲೇ ನಿಂತೆ. ಅದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

ಲೇಬರರ್ ಅನ್ನಲಾ? ರೇಣುಕಾ ತಲೆ ಅಲ್ಲಾಡಿಸಿದಳು. "ಅದು ಬೋರ್ಡಿನ ಮ್ಯಾಲೆ ಬರದ್ರಲ್ರಿ, ಕೂಲಿ ಅಂತ. ನಮ್ಮವ್ವ ಬರೇ ಕೂಲಿ ಅಲ್ರಿ. ಆಕಿ ಎಲ್ಲಾರಿಗೂ ಕಲಸ್ತಾಳ." ಫಾರ್ಮರ್? "ಹೊಲ ನಮ್ದಲ್ರಿ." ಪ್ಲಾಂಟ್ ಬ್ರೀಡರ್ ಅಂತ ಪುಸ್ತಕದಲ್ಲಿರೋ ದೊಡ್ಡ ಪದವೊಂದು ನೆನಪಾಯಿತು, ಆದರೆ ಅದು ಕೋಟು ಹಾಕ್ಕೊಂಡ ವಿಜ್ಞಾನಿಗೆ ಅನ್ನೋದು. ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ಒಂಬತ್ತು ವರ್ಷದ ಹುಡುಗಿ ಎದುರು ಬಾಯಿ ತೆರೆದು ನಿಂತಿದ್ದೆ.

ಕೊನೆಗೆ ಏನು ಮಾಡಿದೆ ಗೊತ್ತಾ? ಸುಲಭದ ದಾರಿ ಹಿಡಿದೆ. "ಹೌಸ್‌ವೈಫ್ ಅನ್ನು ಪುಟ್ಟಿ. ಅದು ಛಲೋ ಕೇಳಿಸ್ತದ" ಅಂದೆ.

ಹುಡುಗಿ ಪಾಪ, ಒಪ್ಪಿದಳು. ಟೀಚರ ಅಕ್ಕ ಹೇಳಿದ್ದಾಳೆ, ರಾಯಚೂರಿನಿಂದ ಬೇರೆ ಬಂದಿದ್ದಾಳೆ. ಮೂಲೆಗೆ ಹೋಗಿ 'ಹೌಸ್‌ವೈಫ್, ಹೌಸ್‌ವೈಫ್' ಅಂತ ಉರು ಹೊಡೆಯೋಕೆ ಕೂತಳು. ಆದರೆ ಪೈಲಟ್ ಅನ್ನುವಾಗ ಇದ್ದ ದನಿ ಅದರಲ್ಲಿ ಇರಲಿಲ್ಲ.

ನನಗೆ ನಾಚಿಕೆ ಆಯಿತು, ನಿಜವಾಗಲೂ. ಯಾಕೆಂದರೆ ಇದೇ ತಪ್ಪನ್ನ ನಾನು ಮೊದಲೂ ಮಾಡಿದ್ದೇನೆ. ನನ್ನವ್ವ ಮಾನ್ವಿಯಲ್ಲಿ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ನಮ್ಮಿಬ್ಬರನ್ನೂ ಓದಿಸಿದಳು. ಬೆಳಗಿನ ಜಾವಕ್ಕೆ ಒಲೆ ಹಚ್ಚಿದರೆ ನಾವು ಸ್ಕೂಲಿಗೆ ಹೊರಡುವ ತನಕ ರೊಟ್ಟಿ ಬಡಿಯೋ ಸದ್ದು ನಿಲ್ತಿರಲಿಲ್ಲ. ಅಂಥವಳ ಹೆಸರಿನ ಮುಂದೆ ನಾನು ಪ್ರತಿ ಫಾರಂನಲ್ಲೂ ಬರೆದದ್ದು ಗೃಹಿಣಿ. ಪೋತ್ನಾಳದಿಂದ ರೊಟ್ಟಿ ಹುಡುಕ್ಕೊಂಡು ಬರ್ತಿದ್ದ ಲಾರಿಯವರಿಗೆ ಅವಳ ಕೆಲಸ ಗೊತ್ತಿತ್ತು, ಮಗಳ ಪೆನ್ನಿಗೆ ಗೊತ್ತಿರಲಿಲ್ಲ.

ಹತ್ತು ಗಂಟೆಗೆ ಪಾಲಕರು ಬಂದರು. ಗಂಡಸರು ಕುರ್ಚಿಗೆ, ಹೆಂಗಸರು ಜಮಖಾನಕ್ಕೆ. (ಯಾರೂ ಹೇಳಿದ್ದಲ್ಲ, ಹಾಗೇ ಕೂತುಬಿಡ್ತಾರೆ.) ದ್ಯಾವಮ್ಮ ಬಂದವಳು ಕೂರಲೇ ಇಲ್ಲ. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು, ಗೋಡೆಗೆ ಆತು ನಿಂತಳು. ಸೀರೆ ಮೇಲೆ ಗಂಡಸರ ಫುಲ್ ಶರ್ಟು, ತಲೆಗೆ ಟವೆಲ್ಲು, ಬೆರಳ ತುದಿಯೆಲ್ಲಾ ಹಳದಿ.

"ಕೂಡ್ರಿ ಅಮ್ಮಾ" ಅಂದೆ.

"ಇಲ್ರೀ ಯವ್ವಾ, ಕೂತ್ರ ಏಳಾಕ ಮನಸ್ಸಾಗಂಗಿಲ್ಲ. ಅರ್ಧ ತಾಸು ಅಂತ ಹೇಳಿ ಬಂದೀನಿ. ಹೊತ್ತೇರೋದ್ರೊಳಗ ಮೇಲ್ ಹಚ್ಚಿ ಮುಗಸಬೇಕು, ತಡ ಆದ್ರ ಕಾಯಿ ಹಿಡಿಯಂಗಿಲ್ಲ."

ಮೇಲ್? ನಾನು ಹತ್ತಿರ ಹೋಗಿ ಕೇಳಿದೆ, ಏನು ಕೆಲಸ ಹೇಳ್ರಿ ಅಂತ.

"ಕೆಲಸ ಏನ್ರೀ ಅದು" ಅಂತ ಶುರು ಮಾಡಿದ ದ್ಯಾವಮ್ಮ ನಿಲ್ಲಿಸಲಿಲ್ಲ. "ಸಂಜಿಮುಂದ ಫೀಮೇಲ್ ಗಿಡದ ಮೊಗ್ಗಿ ಆರಿಸಿ, ಸಿಪ್ಪಿ ಬಿಡಿಸಿ, ಒಳಗಿನ ಹುಡಿ ತಗೀಬೇಕ್ರಿ. ನಡುವಿನ ಕಡ್ಡಿಗೆ ಉಗುರು ತಾಕಬಾರದು. ಗುರ್ತಿಗೆ ಕೆಂಪು ಕಾಗದ ಹಾಕಬೇಕು. ಮುಂಜಾನಿ ಮೇಲ್ ಹೂ ತಂದು ಅದಕ್ಕ ಹಚ್ಚಬೇಕು. ಒಂದು ಮೊಗ್ಗಿ ತಪ್ಪಿ, ತನ್ನ ಹುಡಿ ತನಗ ಬಿದ್ದು ಸೆಲ್ಫ್ ಆತಂದ್ರ ಬೀಜ ಕೆಟ್ಟಂಗ. ಬೀಜದ ಕಂಪನಿಯವರು ಸ್ಯಾಂಪಲ್ ಒಯ್ದು ಬೆಳದು ನೋಡ್ತಾರ. ಫೇಲ್ ಅಂದ್ರ ಇಡೀ ಲಾಟ್ ಹೋತು. ನಾ ನಿಂತ ಪ್ಲಾಟ್ ಒಂದೂ ಫೇಲ್ ಆಗಿಲ್ರಿ."

ನಾನು ಕಾರ್ಡು ತೋರಿಸಿ ಒಂದು ತಾಸಿನಲ್ಲಿ ಕಲಿಸಿದ್ದಕ್ಕಿಂತ ಹೆಚ್ಚು ಇಂಗ್ಲಿಷು ಈ ಹೆಣ್ಣುಮಗಳ ಒಂದು ಉಸಿರಿನಲ್ಲಿ ಬಂತು.

"ಇಷ್ಟೆಲ್ಲಾ ಮಾಡಿ ಫಾರಂನ್ಯಾಗ ಏನೂ ಇಲ್ಲ ಅಂತ ಯಾಕ ಬರಸಿದ್ರಿ?"

ಅವಳು ದನಿ ತಗ್ಗಿಸಿದಳು. "ನಾ ಇಕಿಯಷ್ಟಿದ್ದಾಗನ ನನ್ನ ಕ್ರಾಸಿಂಗಿಗೆ ಹಚ್ಚಿದ್ರು. ಸಣ್ಣ ಬೆರಳು ಬೇಕಂತ. ಶಾಲಿ ಅಲ್ಲಿಗೇ ಮುಗೀತು. ಈಗ ಅವ್ವ ಕ್ರಾಸಿಂಗ್ ಅಂತ ಬರಸಿದ್ರ ಮಗಳನ್ನೂ ಒಯ್ತಾಳ ಅಂತ ಸಾಹೇಬ್ರು ತಿಳಕೊಳ್ಳಂಗಿಲ್ಲೇನ್ರಿ? ಶಾಲಿಯಿಂದ ಹೆಸರು ತಗದು ಗಿಗದಾರು. ಇಕಿಗೆ ಪ್ಲಾಟಿಗೆ ಕಾಲಿಡಾಕ ಬಿಟ್ಟಿಲ್ಲ ನಾ. ಅದಕ್ಕ ಏನೂ ಇಲ್ಲ ಅಂದೆ."

ಮಗಳ ಹೆಸರು ಶಾಲೆಯಲ್ಲಿ ಉಳೀಲಿ ಅಂತ ತನ್ನ ಕೆಲಸವನ್ನೇ ಅಳಿಸಿಕೊಂಡಿದ್ದಳು. ಹಾಗೆಲ್ಲ ಹೆಸರು ತೆಗೆಯಲ್ಲ ಅಂತ ಸುಜಾತಾ ಎರಡೆರಡು ಸಲ ಹೇಳಿದಳು. ದ್ಯಾವಮ್ಮ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ಆದರೆ ರೇಣುಕಾ ಅವ್ವನ ಶರ್ಟಿನ ತುದಿ ಹಿಡಿದು ಅಷ್ಟೂ ಕೇಳಿಸಿಕೊಂಡಿದ್ದಳು. ಅವ್ವನ ಕಥೆ ಅವಳಿಗೂ ಹೊಸದು ಅನಿಸುತ್ತೆ, ಮುಖ ಹಾಗಿತ್ತು. ಆಮೇಲೆ ನನ್ನ ಸೆರಗು ಜಗ್ಗಿ ಕಿವಿಯಲ್ಲಿ ಕೇಳಿದಳು: "ಬೀಜಕ್ಕ ಏನಂತಾರ್ರಿ?"

"ಸೀಡ್."

ಅಷ್ಟೇ ಕೇಳಿ ಹೋದಳು.

ಸಭೆ ನಿಧಾನ ನಡೀತಿತ್ತು. ಹೆಡ್‌ಮಾಸ್ತರ ಭಾಷಣ, ಬಿಸಿಯೂಟದ ಮಾತು, ಹಾಜರಾತಿಯ ಮಾತು. ದ್ಯಾವಮ್ಮನ ಅರ್ಧ ತಾಸು ಮುಗಿದೇಹೋಯಿತು. ಅವಳ ಫೋನು ಒಂದೇ ಸಮ ಬಡಕೊಳ್ಳಾಕತ್ತಿತ್ತು. ರೇಣುಕಾಳ ಸರದಿ ಎಲ್ಲೋ ಕೊನೆಗೆ. ಹುಡುಗಿ ಒಮ್ಮೆ ಫೋನು ನೋಡ್ತಾಳೆ, ಒಮ್ಮೆ ಅವ್ವನ ಚಪ್ಪಲಿ ನೋಡ್ತಾಳೆ. ನನಗೆ ತಡಕೊಳ್ಳೋಕೆ ಆಗಲಿಲ್ಲ. ಸುಜಾತಾಳಿಗೆ ಕಣ್ಸನ್ನೆ ಮಾಡಿದೆ. ಅವಳು ಹೆಡ್‌ಮಾಸ್ತರ ಮಾತಿನ ನಡುವೆಯೇ ಎದ್ದು, "ಸರ್, ಒಂದು ಮಗು ಹೇಳಿಬಿಡಲಿ" ಅಂತ ರೇಣುಕಾಳನ್ನ ಕರೆದಳು. ಅಷ್ಟರಲ್ಲಿ ಫೋನು ಮತ್ತೆ ಹೊಡಕೊಂಡಿತು. ಈ ಸಲ ದ್ಯಾವಮ್ಮ ಎತ್ತಿದಳು.

"ಬರ್ತೀನಿ ತಡೀ. ನನ್ನ ಮಗಳು ನನ್ನ ಬಗ್ಗೆ ಹೇಳಾಕತ್ತಾಳ" ಅಂದವಳೇ ಫೋನಿಟ್ಟು ಮುಂದೆ ಬಂದು ನಿಂತಳು.

ರೇಣುಕಾ ಅವ್ವನ ಕೈ ಹಿಡಿದಳು. ನನ್ನ ಕಡೆ ಒಮ್ಮೆ ನೋಡಿದಳು. ಹೌಸ್‌ವೈಫ್ ಬರುತ್ತೆ ಅಂತ ನಾನು ಕಾಯ್ತಿದ್ದೆ, ಬರದೇ ಇರಲಿ ಅಂತಲೂ ಕಾಯ್ತಿದ್ದೆ.

"ದಿಸ್ ಈಸ್ ಮೈ ಮದರ್. ಶಿ ಮೇಕ್ಸ್ ಕಾಟನ್ ಸೀಡ್. ಮೇಲ್ ಫ್ಲವರ್, ಫೀಮೇಲ್ ಫ್ಲವರ್. ನೋ ಫೇಲ್."

ಕುರ್ಚಿಯಲ್ಲಿ ಕೂತಿದ್ದ ಹಿರಿಯ ರೈತರೊಬ್ಬರು "ಖರೇ ಅದ ನೋಡ್ರಿ. ನಮ್ಮ ಪ್ಲಾಟಿನ್ಯಾಗೂ ಆಕಿನ ನಿಂತು ಮಾಡಿಸ್ಯಾಳ" ಅಂದರು. ಆಮೇಲೆ ಚಪ್ಪಾಳೆ. ನಾನು ಬೆಳಗ್ಗೆಯಿಂದ ಒಂದು ಹೆಸರು ಹುಡುಕ್ತಾ ಒದ್ದಾಡಿದ್ದೆ. ಹುಡುಗಿ ಹೆಸರಿನ ಗೊಡವೆಗೇ ಹೋಗಲಿಲ್ಲ, ಕೆಲಸ ಹೇಳಿದಳು.

"ಏನಂದಿ ಬೇ?" ದ್ಯಾವಮ್ಮ ಮಗಳಿಗೆ ಕೇಳಿದಳು.

"ನೀ ಹತ್ತಿ ಬೀಜ ಮಾಡ್ತಿ, ಒಂದೂ ಫೇಲ್ ಆಗಂಗಿಲ್ಲ ಅಂದೆ."

ದ್ಯಾವಮ್ಮ ಟವೆಲ್ಲಿನ ತುದಿಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕಣ್ಣು ತುಂಬಿತ್ತು. "ಇನ್ನೊಮ್ಮಿ ಹೇಳು" ಅಂದಳು. ರೇಣುಕಾ ಇನ್ನೊಮ್ಮೆ ಹೇಳಿದಳು, ಈ ಸಲ ಪೈಲಟ್ ಅಂದ ದನಿಗಿಂತಲೂ ಜೋರಾಗಿ. ನನಗೆ ಎಷ್ಟೋ ದಿನದ ಮೇಲೆ ಮನಸ್ಸು ತುಂಬಿ ಬಂತು.

ದ್ಯಾವಮ್ಮ ಚಪ್ಪಲಿ ಮೆಟ್ಟಿಕೊಂಡಳು. ಗೇಟಿನ ತನಕ ನಾನೂ ಜೊತೆಗೆ ಹೋದೆ. ಅಲ್ಲಿ ಅವಳು ನಿಂತು, ನನ್ನನ್ನ ಮೇಲಿಂದ ಕೆಳಗಿನವರೆಗೆ ನೋಡಿ, "ಅಲ್ರೀ ಯವ್ವಾ, ನಂದೆಲ್ಲಾ ಕೇಳಿದ್ರಿ. ನೀವೇನು ಕೆಲಸ ಮಾಡ್ತೀರಿ?" ಅಂದಳು.

"ಲೆಕ್ಚರರ್ ಇದ್ದೀನಿ."

"ಅದು ನೌಕರಿ ಹೆಸರಾತು. ಏನು ಮಾಡ್ತೀರಿ?"

ಹೇಳೋಕೆ ಬಾಯಿ ತೆಗೆದೆ. ಬಸ್ಸು ರಾಯಚೂರು ಮುಟ್ಟಿದರೂ ವಾಕ್ಯ ಮುಗಿದಿರಲಿಲ್ಲ. ನಿಮ್ಮದು ಹೇಳಿ ನೋಡೋಣ, ಹುದ್ದೆಯ ಹೆಸರು ಬಿಟ್ಟು, ಒಂದೇ ವಾಕ್ಯದಲ್ಲಿ?