ಫಾರಂನಲ್ಲಿದ್ದ ‘ರುಚಿ’

“ಮೇಡಂ, ‘ಹುಳಿ, ಖಾರ’ ಅಂತ ಬರೆದಿದ್ದೀರಿ. ಇದು ಯಾವ ಗುಂಪು?”

ಹರಿಯಾಣದ ಮಾನೇಸರ್‌ನಲ್ಲಿ ನಡೆದ ನಮ್ಮ ಸುರಕ್ಷತಾ ಎಂಜಿನಿಯರುಗಳ ಸಂಘದ ಸಭೆಯಲ್ಲಿ ಕಾರ್ಯದರ್ಶಿ ಹಿಂದಿಯಲ್ಲಿ ಹೀಗೆ ಕೇಳಿದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ. ಬೆಂಕಿ, ವಿದ್ಯುತ್, ರಾಸಾಯನಿಕ ಎಂದು ಸದಸ್ಯರ ಆಸಕ್ತಿಯಂತೆ ಗುಂಪು ಮಾಡುತ್ತಿದ್ದರು. ಬೆಳಿಗ್ಗೆ ಕೊಟ್ಟ ಹಿಂದಿ ಫಾರಂನಲ್ಲಿ ‘ರುಚಿ’ ಎಂದಿತ್ತು. ಮಧ್ಯಾಹ್ನದ ಊಟಕ್ಕಿರಬೇಕೆಂದು ತುಂಬಿದ್ದೆ. ಹಿಂದಿಯಲ್ಲಿ ಆ ಪದಕ್ಕೆ ‘ಆಸಕ್ತಿ’ ಎಂದು ಅರ್ಥವಂತೆ.

“ಇನ್ನೊಬ್ಬರು ‘ಸಕ್ಕರೆ ಬೇಡ’ ಅಂದಿದ್ದಾರೆ,” ಎಂದರು ಕಾರ್ಯದರ್ಶಿ.

ಹಿಂದಿನ ಸಾಲಿನಿಂದ ತಲೆ ನರೆತವರೊಬ್ಬರು ಮೆಲ್ಲಗೆ ಎದ್ದು ನನ್ನತ್ತ ನೋಡಿದರು. “ನೀವೂ ಕನ್ನಡದವರಾ?”

ಯಾವ ಗುಂಪು ಸೇರಬೇಕೆಂದು ನನಗಿನ್ನೂ ಗೊತ್ತಾಗಿಲ್ಲ. ಸಭೆಗೆ ಹೋದರೆ ಮೊದಲು ಅವರ ಪಕ್ಕದ ಕುರ್ಚಿ ಖಾಲಿ ಇದೆಯೇ ಎಂದು ನೋಡುತ್ತೇನೆ.