ಡೆಲ್ಬರ್ಟ್ ಲೆಕ್ಕದಲ್ಲಿ ಒಬ್ಬರು ಹೆಚ್ಚು

ನಮ್ಮ ಮಾರಾಟದ ಅಂಗಳಕ್ಕೆ ಟ್ರೇಲರ್, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಚಕ್ರದ ಮನೆ, ಕೊಳ್ಳಲು ಬಂದವರನ್ನು ಡೆಲ್ಬರ್ಟ್ ಕುನ್ಜ್ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಗಾಡೀಲಿ ಎಷ್ಟು ಜನ ಕೂರ್ತೀರಿ?" ಇಬ್ಬರು ಅಂದರೆ ಮೂರು ಅಂತ ಬರೆದುಕೊಳ್ಳುತ್ತಿದ್ದ. ನಾಲ್ವರು ಅಂದರೆ ಐದು. "ನನ್ನ ಹೆಂಡ್ತಿ ಅಷ್ಟೇನೂ ದಪ್ಪ ಇಲ್ಲ ಕಣಯ್ಯ" ಅಂತ ಗಿರಾಕಿ ನಕ್ಕರೆ ಇವನು ನಗುತ್ತಿರಲಿಲ್ಲ. "ಒಬ್ರು ಜಾಸ್ತಿ ಇರ್ಲಿ ಬಿಡಿ. ನೂರಾ ನಲವತ್ತೆಂಟು ಪೌಂಡು" ಅನ್ನುತ್ತಿದ್ದ.

ಹೊಸದಾಗಿ ಸೇರಿದ ಮಾರಾಟಗಾರರು ಇದನ್ನು ಮುಂಜಾಗ್ರತೆ ಅಂದುಕೊಂಡಿದ್ದರು. ಯಜಮಾನ ವರ್ನ್ ಹೊಸ್ಕಿನ್ಸ್ ಇದನ್ನು ವ್ಯಾಪಾರ ಕೆಡಿಸುವ ಚಾಳಿ ಅಂದುಕೊಂಡಿದ್ದ. ಆ ನೂರಾ ನಲವತ್ತೆಂಟು ಪೌಂಡು ಯಾರದ್ದು ಅಂತ ಗೊತ್ತಿದ್ದದ್ದು ಇಬ್ಬರಿಗೇ, ಅವನಿಗೆ ಮತ್ತು ನನಗೆ. ನಾನು ನೇಡಿನ್, ಬಿಡಿಭಾಗಗಳ ಕೌಂಟರಿನವಳು. ಇಪ್ಪತ್ತೆರಡು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತಿದ್ದೇನೆ, ಯಾರ ಮುಲಾಜಿಗೂ ಎದ್ದಿಲ್ಲ. ಒಂದು ಸಲ ಎದ್ದು ಮಾತಾಡಬೇಕಾಗಿತ್ತು, ಆಗಲೂ ಏಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜೂನ್ ಬಂತೆಂದರೆ ನಮ್ಮೂರು ಶೆರಿಡನ್‌ನಲ್ಲಿ ಯಾರ ಮನೆಯ ಮುಂದೆಯೂ ಟ್ರೇಲರ್ ಕಾಣುವುದಿಲ್ಲ. ಎಲ್ಲವೂ ಬಿಗ್‌ಹಾರ್ನ್ ಬೆಟ್ಟದ ಮೇಲೆ. ಒಮ್ಮೆ ಎಳೆದುಕೊಂಡು ಹೋಗಿ ನಿಲ್ಲಿಸಿದರೆ ಹಿಮ ಬೀಳುವವರೆಗೆ ಅಲ್ಲೇ. ಅರಣ್ಯದವರದು ಒಂದೇ ಕಟ್ಟಳೆ, ಹದಿನಾಲ್ಕು ದಿನಕ್ಕೊಮ್ಮೆ ಜಾಗ ಬದಲಾಯಿಸಬೇಕು. ಹಾಗಾಗಿ ಎರಡು ವಾರಕ್ಕೊಮ್ಮೆ ಊರಿಗೆ ಊರೇ ಬೆಟ್ಟ ಹತ್ತಿ, ತಂತಮ್ಮ ಟ್ರೇಲರನ್ನು ಐದಾರು ಮೈಲಿ ಆಚೆಗೆ ಎಳೆದು ಬಿಟ್ಟು ಬರುತ್ತದೆ. ಐದಾರು ಮೈಲಿ ತಾನೇ ಅಂತ ಯಾರೂ ಒಳಗಿನ ಸಾಮಾನು ಇಳಿಸುವುದಿಲ್ಲ, ನೀರಿನ ತೊಟ್ಟಿ ಖಾಲಿ ಮಾಡುವುದಿಲ್ಲ. ಕಷ್ಟಪಟ್ಟು ಸೀಳಿದ ಸೌದೆಯನ್ನು ಬಿಟ್ಟು ಬರುವ ಮಾತಂತೂ ಇಲ್ಲವೇ ಇಲ್ಲ. ಈ ಊರಿನವರ ಬುದ್ಧಿಯೇ ಹಾಗೆ, ನಾನೂ ಅದರಲ್ಲಿ ಒಬ್ಬಳು.

ಆ ಪ್ರಶ್ನೆ ಶುರುವಾಗುವ ಮೊದಲು ಡೆಲ್ಬರ್ಟ್ ಮಾರಾಟದಲ್ಲಿ ನಮ್ಮ ಅಂಗಳದ ರಾಜ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದ. ಇಲ್ಲಿನ ಗಂಡಸರ ಬಳಿ ಇರುವುದೆಲ್ಲ ಅರ್ಧ ಟನ್ ಅನ್ನುವ ಸಣ್ಣ ದರ್ಜೆಯ ಪಿಕಪ್. ಅದರ ಕಂಪನಿಯ ಪುಸ್ತಿಕೆಯಲ್ಲಿ ಒಂಬತ್ತು ಸಾವಿರ ಪೌಂಡು ಎಳೆಯುತ್ತದೆ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಎಳೆಯುವುದೇನೋ ಎಳೆಯುತ್ತದೆ. ಆದರೆ ಟ್ರೇಲರಿನ ಮೂತಿ ಪಿಕಪ್ಪಿನ ಕೊಂಡಿಯ ಮೇಲೆ ಕೂರುತ್ತದಲ್ಲ, ಆ ಭಾರವನ್ನು ಹೊರಬೇಕಾದದ್ದೂ ಪಿಕಪ್ಪೇ. ಎಷ್ಟು ಹೊರಬಹುದು ಅನ್ನುವುದು ಪುಸ್ತಿಕೆಯಲ್ಲಿಲ್ಲ. ಚಾಲಕನ ಬಾಗಿಲು ತೆಗೆದರೆ ಒಳಗಡೆ ಅಂಟಿಸಿದ ಹಳದಿ ಚೀಟಿಯಲ್ಲಿದೆ. ಪುಸ್ತಿಕೆಯ ಲೆಕ್ಕದಲ್ಲಿ ಗಾಡಿಯೊಳಗೆ ಒಬ್ಬ ಸಣಕಲು ಚಾಲಕ ಮಾತ್ರ ಇರುತ್ತಾನೆ. ಅದನ್ನು ಬರೆದವರಿಗೆ ಹೆಂಡತಿ, ನಾಯಿ, ಸೌದೆ ಇದ್ದಂತಿಲ್ಲ.

ಗಾರ್ತ್ ಪೆಡರ್ಸನ್ ಮತ್ತು ಅವನ ಹೆಂಡತಿ ಐರಿಸ್ ಬಂದದ್ದು ಒಂಬತ್ತು ವರ್ಷದ ಹಿಂದೆ, ಮೇ ತಿಂಗಳಲ್ಲಿ. ಗಾರ್ತ್ ಶಾಲೆಯ ಬಸ್ ಓಡಿಸಿ ನಿವೃತ್ತನಾದವನು. ಐರಿಸ್ ಒಲೆ ನೋಡಿ ಟ್ರೇಲರ್ ಆರಿಸುವ ಹೆಂಗಸು. ಒವನ್ ದೊಡ್ಡದಿದ್ದದ್ದು ಮೂವತ್ತು ಅಡಿಯ ಒಂದರಲ್ಲಿ ಮಾತ್ರ. ಅದನ್ನು ಕೊಂಡಿಗೆ ಹಾಕಿದ ಕೂಡಲೇ ಅವರ ಪಿಕಪ್ಪಿನ ಹಿಂಬದಿ ಕುಸಿಯಿತು, ಮೂತಿ ಆಕಾಶ ನೋಡಿತು. ಗಾರ್ತ್ ಹಿಂದೆ ಸರಿದು ನಿಂತು ತಲೆ ಕೆರೆದುಕೊಂಡ. ಡೆಲ್ಬರ್ಟ್ ನನ್ನ ಕಿಟಕಿಗೆ ಬಂದು, "ನೇಡಿನ್, ಒಂದು ಜೊತೆ ಗಾಳಿ ಚೀಲ ಕೊಡೇ" ಅಂದ.

ಹಿಂದಿನ ಸ್ಪ್ರಿಂಗಿನೊಳಗೆ ಈ ಚೀಲಗಳನ್ನು ಕೂರಿಸಿ ಗಾಳಿ ತುಂಬಿದರೆ ಕುಸಿದ ಗಾಡಿ ನೆಟ್ಟಗೆ ನಿಲ್ಲುತ್ತದೆ. ನೋಡಲು ಚೆಂದ. ಆದರೆ ಮುಂದಿನ ಚಕ್ರಗಳ ಮೇಲಿಂದ ಎದ್ದುಹೋದ ಭಾರ ವಾಪಸ್ ಬರುವುದಿಲ್ಲ. ಹಿಂಬದಿ ಹೊರಬೇಕಾದ್ದು ಒಂದು ಪೌಂಡೂ ಇಳಿಯುವುದಿಲ್ಲ. ಸೋರುವ ಗೋಡೆಗೆ ಸುಣ್ಣ ಬಳಿದ ಹಾಗೆ ಅಷ್ಟೇ. ಇದು ಡೆಲ್ಬರ್ಟ್‌ಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆ ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟವಳು ನಾನೇ. ಗಾಡಿ ಮಟ್ಟವಾದಾಗ ಡೆಲ್ಬರ್ಟ್, "ನೋಡಿ ಸಾಹೇಬ್ರೆ, ಮೇಲೆ ಕಾಫಿ ಲೋಟ ಇಟ್ರೂ ಅಲ್ಲಾಡಲ್ಲ" ಅಂದ. ಮಾರನೆಯ ದಿನ ಐರಿಸ್ ನಮಗೆಲ್ಲ ಒಂದು ರೂಬಾರ್ಬ್ ಪೈ, ಹುಳಿ ದಂಟು ತುಂಬಿ ಬೇಯಿಸಿದ ಸಿಹಿ ಕಡುಬು, ತಂದುಕೊಟ್ಟಳು, ಇನ್ನೂ ಬಿಸಿಯಾಗಿತ್ತು, ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡೇ ಬಂದಿದ್ದಳು.

ಜುಲೈನಲ್ಲಿ, ಹದಿನಾಲ್ಕನೆಯ ದಿನ, ಅವರು ಜಾಗ ಬದಲಾಯಿಸಲು ಹೊರಟರು. ನೀರು ತುಂಬಿತ್ತು, ಹಿಂದೆ ಸೌದೆ, ಜನರೇಟರು. ಬೆಟ್ಟದ ಮೇಲಿನ ಬರ್ಜೆಸ್ ಕೂಡುರಸ್ತೆ ದಾಟಿದ ಮೇಲೆ ಪಶ್ಚಿಮದ ಇಳಿಜಾರಿನಲ್ಲಿ ಬೆಳಗಿನ ಅಡ್ಡ ಗಾಳಿ ಬೀಸಿತು. ಟ್ರೇಲರ್ ಬಾಲ ಬೀಸತೊಡಗಿತು. ಮುಂದಿನ ಚಕ್ರಗಳು ರಸ್ತೆಯನ್ನು ಹಿಡಿಯಲೇ ಇಲ್ಲ. ಗಾರ್ತ್ ಒಂದು ಕಾಲು ಕುಂಟಿಕೊಂಡು ಬದುಕಿದ. ಐರಿಸ್ ಅಲ್ಲೇ ಹೋದಳು.

ವಿಚಾರಣೆಗೆ ಪೊಲೀಸ್ ಅಧಿಕಾರಿ ಬಂದಾಗ ಡೆಲ್ಬರ್ಟ್ ನನ್ನ ಕೌಂಟರಿಗೆ ಒರಗಿಕೊಂಡೇ ಉತ್ತರ ಕೊಟ್ಟ. "ನಾನು ಹೇಳಿದ್ದೆ ಸರ್, ಸಾಮಾನು ಕಮ್ಮಿ ಹಾಕಿ, ನೀರು ಖಾಲಿ ಮಾಡಿ ಅಂತ. ಅವ್ರು ಕೇಳ್ಲಿಲ್ಲ." ಅವನು ಹಾಗೆ ಹೇಳಿರಲೇ ಇಲ್ಲ. ನಾನು ರಸೀದಿ ಪುಸ್ತಕ ತಿರುವಿ ಹಾಕುತ್ತ ಕೂತೆ. ಚಾಲಕನ ತಪ್ಪು ಅಂತ ಬರೆದುಕೊಂಡು ಅಧಿಕಾರಿ ಹೋದ.

ಐರಿಸ್ ಬರತೊಡಗಿದ್ದು ಆ ಚಳಿಗಾಲದಲ್ಲಿ. ನಂಬುವವರು ನಂಬಲಿ, ಬಿಡುವವರು ಬಿಡಲಿ. ಫೆಬ್ರವರಿಯ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲ, ಗಾಳಿಗೆ ಸಾಲು ಟ್ರೇಲರುಗಳು ನರಳುತ್ತಿದ್ದವು. ಡೆಲ್ಬರ್ಟ್ ಒಂದು ಹಳೇ ಪಿಕಪ್ಪಿನ ಬಲಬದಿಯಲ್ಲಿ, ಅಂದರೆ ಹೆಂಡತಿಯರು ಕೂರುವ ಬದಿಯಲ್ಲಿ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಕಿಟಕಿಗೆ ಬಗ್ಗಿ ಏನೋ ಹೇಳುತ್ತಿದ್ದ. ನಾನು ಕೋಟು ತೊಟ್ಟು ಹೋದೆ.

"ಯಾರ ಹತ್ರ ಮಾತು?"

"ಐರಿಸ್" ಅಂದ. "ತಟ್ಟೆ ಮಡಿಲಲ್ಲೇ ಇದೆ ನೋಡು. ಇಳಿಯಮ್ಮ ಅಂದ್ರೆ ಇಳಿಯಲ್ಲ."

ಸೀಟು ಖಾಲಿ ಇತ್ತು. ಅವನನ್ನು ಬೈದು ಒಳಗೆ ಕಳಿಸಿದೆ. ಗಾಡಿಯನ್ನು ಗೋಡೆಯ ಮರೆಗೆ ನಿಲ್ಲಿಸೋಣ ಅಂತ ನಾನೇ ಹತ್ತಿ ಕೀಲಿ ತಿರುಗಿಸಿದೆ. ಪಕ್ಕದ ಸೀಟಿನವರು ಬೆಲ್ಟ್ ಹಾಕಿಲ್ಲ ಅಂತ ಗಾಡಿ ಗಂಟೆ ಬಾರಿಸತೊಡಗಿತು. ಆ ಸೀಟಿನಲ್ಲಿ ಭಾರ ಬಿದ್ದರೆ ಮಾತ್ರ ಬಾರಿಸುವ ಗಂಟೆ ಅದು. ಸೆನ್ಸರ್ ಕೆಟ್ಟಿರಬೇಕು ಅಂದುಕೊಂಡು ಹೊಸದು ಹಾಕಿಸಿದೆ. ಆಮೇಲೂ ಬಾರಿಸಿತು. ಕೊನೆಗೆ ಆ ಗಾಡಿಯನ್ನು ಯಜಮಾನ ಬೇರೆ ಊರಿನವನಿಗೆ ಮಾರಿಬಿಟ್ಟ. ನನಗೆ ಹೆದರಿಕೆಯಾಗಿತ್ತು, ಇವತ್ತಿಗೂ ಇದೆ.

ಅಲ್ಲಿಂದ ಮುಂದೆ ಡೆಲ್ಬರ್ಟ್ ಬೇರೆಯೇ ಮನುಷ್ಯನಾದ. ಮಾರುವ ಮೊದಲು ಪ್ರತಿ ಗಾಡಿಯನ್ನೂ ಹೆದ್ದಾರಿಯ ವೇಬ್ರಿಡ್ಜಿಗೆ ಒಯ್ಯುತ್ತಿದ್ದ. ಜನ ಕೂತು, ನೀರು ತುಂಬಿ, ಸೌದೆ ಹಾಕಿ ತೂಗಿಸುತ್ತಿದ್ದ. ಮೇಲೆ ಐರಿಸ್‌ಳ ತೂಕ, ಅಪಘಾತದ ವರದಿಯಲ್ಲಿದ್ದ ನೂರಾ ನಲವತ್ತೆಂಟು ಪೌಂಡು. ಮೂವತ್ತು ಅಡಿಯದಕ್ಕೆ ಆಸೆಪಟ್ಟವರಿಗೆ ಇಪ್ಪತ್ತೆರಡು ಅಡಿಯದನ್ನು ಕೊಟ್ಟು ಕಳಿಸುತ್ತಿದ್ದ. ಅರ್ಧ ಜನ ಮುನಿಸಿಕೊಂಡು ಪಕ್ಕದ ಊರಿಗೆ ಹೋಗಿ ಕೊಳ್ಳುತ್ತಿದ್ದರು. "ಹೋಗ್ಲಿ ಬಿಡು, ನನ್ನ ಕೈಯಿಂದ ಹೋಗ್ಲಿಲ್ವಲ್ಲ" ಅನ್ನುತ್ತಿದ್ದ. ಅವನ ಹೆಂಡತಿಯೂ ಒಂದು ದಿನ ಬೇಸತ್ತು ತಂಗಿಯ ಮನೆಗೆ ಹೋದವಳು ಬರಲಿಲ್ಲ. ಇದ್ದ ಇಬ್ಬರಿಗೆ ಊಟದ ಮೇಜಿನಲ್ಲಿ ಮೂರು ತಟ್ಟೆ ಇಡುತ್ತಿದ್ದನಂತೆ.

ಹೀಗೆ ಒಂಬತ್ತು ವರ್ಷ. ಈ ವರ್ಷ ಏಪ್ರಿಲ್‌ನಲ್ಲಿ ಒಬ್ಬಳು ಹೆಂಗಸು ಹೊಸ ಅರ್ಧ ಟನ್ ಪಿಕಪ್ ತಂದು ನಿಲ್ಲಿಸಿದಳು. ನಲವತ್ತರ ಆಸುಪಾಸು, ಗಲ್ಲ ಥೇಟ್ ಐರಿಸ್‌ದು. ಡೆಲ್ಬರ್ಟ್ ಬಾಗಿಲಲ್ಲೇ ನಿಂತುಬಿಟ್ಟ.

"ನಾನು ಟ್ವೈಲಾ" ಅಂದಳು. "ಐರಿಸ್ ಪೆಡರ್ಸನ್ ಮಗಳು. ನೆಬ್ರಾಸ್ಕದಿಂದ ವಾಪಸ್ ಬಂದಿದೀವಿ. ಮಕ್ಕಳು ಬೆಟ್ಟಕ್ಕೆ ಹೋಗ್ಬೇಕು ಅಂತ ಪ್ರಾಣ ತಿಂತಿದಾವೆ. ಟ್ರೇಲರ್ ಬೇಕು. ಬೇರೆ ಎಲ್ಲೂ ಹೋಗದೆ ನಿಮ್ಮ ಹತ್ರಾನೇ ಬಂದೆ."

"ನನ್ನ ಹತ್ರ ಯಾಕಮ್ಮ?"

"ಅಮ್ಮನಿಗೆ ನಿಜ ಹೇಳಿದೋರು ನೀವೊಬ್ರೇ ಅಲ್ವಾ. ಭಾರ ಕಮ್ಮಿ ಮಾಡಿ ಅಂತ ಹೇಳಿದ್ರಂತೆ, ವರದಿ ಓದಿದೀನಿ. ಅಪ್ಪನೇ ಕೇಳ್ಲಿಲ್ಲ. ಅವರದು ಯಾವಾಗ್ಲೂ ಅಷ್ಟೇ, ತನಗೆಲ್ಲ ಗೊತ್ತು ಅಂತ."

ಡೆಲ್ಬರ್ಟ್ ಮೆಲ್ಲಗೆ ಕೇಳಿದ, "ಅಪ್ಪನೂ ಬರ್ತಾರಾ ಬೆಟ್ಟಕ್ಕೆ?"

"ಅವ್ರು ನಮ್ಮ ಗಾಡಿ ಹತ್ತೋ ಹಾಗಿಲ್ಲ. ರಾಂಚೆಸ್ಟರ್‌ನಲ್ಲಿ ಒಬ್ರೇ ಇದಾರೆ. ಇಪ್ಪತ್ತು ನಿಮಿಷದ ದಾರಿ. ಕ್ರಿಸ್ಮಸ್‌ಗೆ ಫೋನ್ ಮಾಡ್ತೀನಿ, ಸಾಕು. ನನ್ನ ಅಮ್ಮನ್ನ ಕೊಂದೋರ ಹತ್ರ ಇನ್ನೇನು ಮಾತಾಡ್ಲಿ?"

ನನ್ನ ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು. ಡೆಲ್ಬರ್ಟ್ ನನ್ನ ಕಡೆ ತಿರುಗಿ ನೋಡಿದ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಮೊಕದ್ದಮೆ ಬೀಳಬಹುದು. ಬಾಯಿ ಮುಚ್ಚಿದರೆ ಆ ಮುದುಕ ಮಗಳಿಲ್ಲದೆ, ಮೊಮ್ಮಕ್ಕಳಿಲ್ಲದೆ ಸಾಯುತ್ತಾನೆ. ಈ ಸಲ ನಾನು ಸ್ಟೂಲಿನಿಂದ ಎದ್ದೆ. ಎದ್ದು ಹೋಗಿ ಅವನ ಪಕ್ಕ ನಿಂತೆ, ಅಷ್ಟೇ ಮಾಡಿದ್ದು.

"ನಾನು ಹಾಗೆ ಹೇಳಿರ್ಲಿಲ್ಲ ತಾಯಿ" ಅಂದ ಡೆಲ್ಬರ್ಟ್. "ಒಂದು ಮಾತೂ ಹೇಳಿರ್ಲಿಲ್ಲ. ಗಾಡಿ ಕುಸೀತು, ಗಾಳಿ ಚೀಲ ಹಾಕಿ ನೆಟ್ಟಗೆ ಮಾಡ್ದೆ. ಆ ಗಾಡಿ ಅಷ್ಟು ಹೊರಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಮಾರ್ದೆ. ಆಮೇಲೆ ಪೊಲೀಸಿನವನಿಗೆ ಸುಳ್ಳು ಹೇಳಿ ನಿಮ್ಮಪ್ಪನ ತಲೆಗೆ ಕಟ್ಟಿದೆ."

"ಚೀಲ ಕೊಟ್ಟೋಳು ನಾನು" ಅಂದೆ. "ಸುಳ್ಳು ಕೇಳಿ ಸುಮ್ಮನೆ ಕೂತೋಳೂ ನಾನೇ."

ಟ್ವೈಲಾ ನಮ್ಮಿಬ್ಬರನ್ನೂ ನೋಡಿದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. "ಇದನ್ನ ಅಪ್ಪನ ಮುಂದೆ ಹೇಳಿ" ಅಂದಳು. "ಈಗಲೇ."

ಅವಳ ಗಾಡಿಯಲ್ಲೇ ಹೋದೆವು. ಡೆಲ್ಬರ್ಟ್ ಮುಂದಿನ ಸೀಟಿಗೆ ಹತ್ತಲಿಲ್ಲ, ನನ್ನ ಪಕ್ಕ ಹಿಂದೆ ಮುದುಡಿ ಕೂತ. ದಾರಿಯುದ್ದಕ್ಕೂ ಆ ಖಾಲಿ ಸೀಟನ್ನೇ ನೋಡುತ್ತಿದ್ದ.

ಗಾರ್ತ್ ಮನೆಯ ಮೆಟ್ಟಿಲ ಮೇಲೆ ಕೂತು ಹುಲ್ಲು ಕತ್ತರಿಸುವ ಯಂತ್ರದ ಅಲಗು ಮಸೆಯುತ್ತಿದ್ದ. ಮಗಳನ್ನು ಕಂಡು ಏಳಲು ಹೋದ, ಕಾಲು ಸಹಕರಿಸಲಿಲ್ಲ. ಡೆಲ್ಬರ್ಟ್ ಬೇಲಿಯ ಹತ್ತಿರವೇ ನಿಂತು ಎಲ್ಲವನ್ನೂ ಹೇಳಿದ. ಒಂದೇ ಒಂದು ನೆಪ ಸೇರಿಸಲಿಲ್ಲ. ಗಾರ್ತ್ ಕೊನೆಯವರೆಗೂ ಅಲಗನ್ನು ಕೆಳಗಿಡದೆ ಕೇಳಿದ.

"ನೀನು ಸುಳ್ಳು ಹೇಳಿದ್ದು ನಂಗೆ ಗೊತ್ತಪ್ಪ" ಅಂದ. "ವರದೀಲಿ ಓದ್ದೆ. ಬೇಕಿದ್ರೆ ಅವತ್ತೇ ಅಲ್ಲಗಳೀಬಹುದಿತ್ತು."

"ಮತ್ತೆ ಯಾಕಪ್ಪ ಸುಮ್ನಿದ್ದೆ?" ಅಂದಳು ಟ್ವೈಲಾ. "ಒಂಬತ್ತು ವರ್ಷ ನಾನು ನಿನ್ನ..."

"ಬಾಗಿಲಲ್ಲಿ ಹಳದಿ ಚೀಟಿ ಇರುತ್ತಲ್ಲ ಮಗಾ, ಅದನ್ನ ನಿಮ್ಮಮ್ಮ ಓದಿದ್ಲು. ಇವನ ಅಂಗಳದಲ್ಲೇ, ಇವ್ನು ಒಳಗೆ ಕಾಗದ ತರೋಕೆ ಹೋದಾಗ. ಕನ್ನಡಕ ಹಾಕ್ಕೊಂಡು ಜೋರಾಗಿ ಓದಿದ್ಲು. 'ಗಾರ್ತ್, ಇದ್ರಲ್ಲಿ ಬರೀ ಸಾವಿರದ ನಾನೂರಾ ಎಂಬತ್ತು ಪೌಂಡು ಅಂತಿದೆ, ಕೊಂಡಿ ಮೇಲೇನೇ ಸಾವಿರ ಬೀಳುತ್ತಲ್ಲ, ನಮ್ಮ ತೂಕಾನೂ ಅದ್ರಲ್ಲೇ ಬರುತ್ತಾ?' ಅಂದ್ಲು. ಬಸ್ ಓಡಿಸ್ದೋನು ನಾನು, ನಂಗೆ ಹೇಳ್ಕೊಡೋಕೆ ಬರ್ತಾಳೆ ಅಂತ ಸಿಟ್ಟು ಬಂತು. 'ಬಾಗಿಲು ಹಾಕೇ, ಗಾಳಿ ಬರ್ತಿದೆ' ಅಂದೆ."

ಗಾರ್ತ್ ಡೆಲ್ಬರ್ಟ್ ಕಡೆ ನೋಡಿದ. "ನಿನ್ನ ಪಾಲು ನಿಂದು, ಅದನ್ನ ನೀನು ಏನಾದ್ರೂ ಮಾಡ್ಕೊ. ನನ್ನದನ್ನ ಮಾತ್ರ ನಿಂಗೆ ಕೊಡಲ್ಲ. ಅವಳು ಕೇಳಿದ್ದು ನನ್ನನ್ನ."

ಮಗಳನ್ನು ವಾಪಸ್ ತರಲು ಹೋಗಿ ಇದ್ದ ಒಂದು ಎಳೆಯನ್ನೂ ಹರಿದು ಹಾಕಿದೆವು ಅಂದುಕೊಂಡೆ. ಟ್ವೈಲಾ ಈಗ ತಿರುಗಿ ಹೊರಡುತ್ತಾಳೆ ಅಂತ ಕಾದೆ. ಅವಳು ಹೋಗಿ ಅಪ್ಪನ ಪಕ್ಕ ಮೆಟ್ಟಿಲ ಮೇಲೆ ಕೂತಳು.

"ಅದಕ್ಕೆ ಅಮ್ಮ ಏನಂದ್ಲು?"

ಒಂಬತ್ತು ವರ್ಷದಲ್ಲಿ ಐರಿಸ್ ಬಗ್ಗೆ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಗಾರ್ತ್ ಅಲಗನ್ನು ಕೆಳಗಿಟ್ಟ. "ನಕ್ಳು ಕಣೇ. 'ಆಯ್ತು ಡ್ರೈವರ್ ಸಾಹೇಬ್ರೇ' ಅಂದು ಬಾಗಿಲು ಹಾಕಿದ್ಲು."

"ಆಮೇಲೆ? ಮನೆಗೆ ಬರ್ತಾ ದಾರೀಲಿ?"

ಅವನು ಹೇಳತೊಡಗಿದ. ನಡುನಡುವೆ ಅತ್ತ, ಒಮ್ಮೆ ಇಬ್ಬರೂ ನಕ್ಕರು. ನಾನು ಗಾಡಿಗೆ ಒರಗಿ ಮುಖ ಒರೆಸಿಕೊಂಡೆ. ಡೆಲ್ಬರ್ಟ್ ಬೇಲಿಯ ಪಕ್ಕ ಬಿಸಿಲಲ್ಲಿ ಟೋಪಿ ಹಿಡಿದು ನಿಂತೇ ಇದ್ದ. ಅವನನ್ನು ಕೂತ್ಕೋ ಅಂತ ಯಾರೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.