ಸಾಹೇಬ್ರು ಬರೋವರೆಗೆ ಒಂದೆರಡು ಹಾಡು

ನಿಮ್ಮ ಕಸುಬು ಏನಮ್ಮಾ ಅಂತ ಯಾರಾದರೂ ಕೇಳಿದರೆ, ಸ್ವಂತ ಹಾಡು ಬರೆದು, ಸ್ವಂತ ರಾಗ ಕಟ್ಟಿ, ಊರೂರು ತಿರುಗಿ ಹಾಡ್ತೀನಿ ಅಂತೀನಿ. ಕೇಳೋಕೆ ಚೆನ್ನಾಗಿರ್ತದೆ. ನಿಜವಾದ ಕಸುಬು ಬೇರೆ: ಮುಖ್ಯ ಅತಿಥಿ ಬರೋವರೆಗೆ ಜನ ಎದ್ದು ಮನೆಗೆ ಹೋಗದ ಹಾಗೆ ನೋಡಿಕೊಳ್ಳೋದು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲೇ ಸಭೆ ನಡೆಯಲಿ, ಕರಪತ್ರದಲ್ಲಿ ಹತ್ತು ಗಂಟೆ ಅಂತ ಇರ್ತದೆ. ಹನ್ನೊಂದಕ್ಕೆ ಶಾಮಿಯಾನ ಕಟ್ತಾರೆ, ಹನ್ನೆರಡಕ್ಕೆ ಜನ ಸೇರ್ತಾರೆ, ಒಂದೂವರೆಗೆ ಸಾಹೇಬ್ರು ಬರ್ತಾರೆ. ಆ ಹನ್ನೆರಡರಿಂದ ಒಂದೂವರೆ ಇದೆಯಲ್ಲ, ಅದೇ ನನ್ನ ಕಲಾಜೀವನ.

ಕರಪತ್ರದಲ್ಲಿ ಎಲ್ಲರ ಹೆಸರೂ ಇರ್ತದೆ. ದೀಪ ಹಚ್ಚೋರು, ದೀಪ ಹಚ್ಚೋದನ್ನ ನೋಡೋರು, ವಂದನೆ ಹೇಳೋರು, ಸುಮ್ಮನೆ ಉಪಸ್ಥಿತರಿರೋರು. ನನ್ನದು ಮಾತ್ರ ಇರೋದಿಲ್ಲ. ಕೊರಟಗೆರೆ ಕಡೆ ಒಬ್ಬ ಸಂಘಟಕರನ್ನ ಕೇಳೇಬಿಟ್ಟೆ. ಆತ ಬೇಜಾರೇ ಮಾಡಿಕೊಳ್ಳದೆ ಹೇಳಿದರು: "ನೀವು ಕಾರ್ಯಕ್ರಮ ಶುರುವಾಗೋಕೆ ಮುಂಚೆ ಹಾಡ್ತೀರಲ್ಲ ಮೇಡಂ, ಕಾರ್ಯಕ್ರಮದೊಳಗೆ ಹೆಂಗೆ ಹಾಕೋಣ?" ತರ್ಕ ಸರಿಯಾಗೇ ಇತ್ತು. ನಾನು ಹೋಗಿ ಗಿಟಾರು ಶ್ರುತಿ ಮಾಡಿಕೊಂಡೆ.

ಈ ಕಸುಬಿಗೆ ಇರೋದು ಒಂದೇ ನಿಯಮ. ಗೇಟಿನ ಹತ್ತಿರ ಕಾರು ಕಂಡ ತಕ್ಷಣ ನಿಲ್ಲಿಸಬೇಕು. ಸಾಲು ಮುಗಿಸಿ ನಿಲ್ಲಿಸ್ತೀನಿ ಅನ್ನೋ ಹಾಗಿಲ್ಲ. ಸಿರಾದಲ್ಲಿ ಒಂದ್ಸಲ ಅರ್ಧ ಸಾಲು ಉಳಿದಿತ್ತು ಅಂತ ಎಳೆದೆ. ಸೌಂಡ್ ಸೆಟ್ಟಿನ ಭಾಯ್ ಅಲ್ಲಿಂದಲೇ ಮೈಕು ಆಫ್ ಮಾಡಿ, "ಸಾಕು ಬೆಹನ್, ಗಾಡಿ ಬಂತು" ಅಂದ. ಪಾವಗಡದಲ್ಲಿ ಮೈಕು ಆಫ್ ಮಾಡೋದಿಲ್ಲ, ಅಲ್ಲಿನ ಜನ ಮರ್ಯಾದಸ್ಥರು. ನನ್ನ ಸ್ವಂತ ಹಾಡು ಎರಡು ನಿಮಿಷ ಕೇಳಿ, ಅಯ್ಯೋ ಪಾಪ ಅನ್ನೋ ಮುಖ ಮಾಡಿ, "ಮೇಡಂ, ಒಕ ಸಿನಿಮಾ ಪಾಟ ಪಾಡಂಡಿ" ಅಂತ ತೆಲುಗಿನಲ್ಲಿ ಸಿನಿಮಾ ಹಾಡು ಕೇಳ್ತಾರೆ. ಹೀಗೆ ಹನ್ನೆರಡು ವರ್ಷ ಆಯ್ತು. ಈಗ ನನಗೆ ಯಾರೂ ಹೇಳಬೇಕಾಗಿಲ್ಲ. ಕಣ್ಣು ಗೇಟಿನ ಮೇಲೆ, ಕೈ ತಂತಿ ಮೇಲೆ. ಒಳ್ಳೆ ಎತ್ತಿಗೆ ಬಾರುಕೋಲು ಯಾಕೆ?

ಇದರಿಂದ ಹೊಟ್ಟೆ ಉರಿದದ್ದು ಒಂದೇ ಒಂದು ಹಾಡಿನ ವಿಷಯಕ್ಕೆ. ಅದು ನನ್ನ ಅಮ್ಮನ ಹಾಡು.

ಅಮ್ಮ ಕೊಡಿಗೇನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಬಿಸಿಯೂಟ ಬೇಯಿಸೋಳು. ನಾನು ಅಲ್ಲೇ ತಟ್ಟೆ ಹಿಡಿದು ನಿಂತು ಉಂಡವಳು. ಆ ಹಾಡಿಗೆ ನಾಲ್ಕು ಚರಣ. ಒಂದರಲ್ಲಿ ಹಸಿ ಸೌದೆಯ ಹೊಗೆ, ಎರಡರಲ್ಲಿ ಸಾಲು ನಿಂತ ಮಕ್ಕಳು, ಮೂರರಲ್ಲಿ ಅನ್ನದ ಹಂಡೆ. ಅಮ್ಮ ಬರೋದು ನಾಲ್ಕನೇದರಲ್ಲಿ. ಎಲ್ಲರೂ ಉಂಡು ಹೋದ ಮೇಲೆ ಹಂಡೆ ತಳ ಕೆರೆದು, ನಿಂತುಕೊಂಡೇ ನಾಲ್ಕು ತುತ್ತು ತಿನ್ನೋ ಅಮ್ಮ, ನಿಂದು ಊಟ ಆಯ್ತಾ ಅಂತ ಒಬ್ಬರೂ ಕೇಳದ ಅಮ್ಮ. ಅವಳನ್ನ ಕೊನೆಗೆ ಇಟ್ಟರೆ ಜನ ಕಣ್ಣೊರೆಸಿಕೊಳ್ತಾರೆ ಅಂತ ಬಹಳ ಜಾಣತನ ಮಾಡಿದ್ದೆ. ನಾಲ್ಕು ತಾಲ್ಲೂಕಿನಲ್ಲಿ ಹಾಡಿದೆ, ನಾಲ್ಕನೇ ಚರಣ ಒಬ್ಬರ ಕಿವಿಗೂ ಬೀಳಲಿಲ್ಲ. ಅಷ್ಟರಲ್ಲಿ ಸಾಹೇಬ್ರು ಬಂದಿರೋರು.

ಮನೇಲೇ ಹಾಡಿ ಕೇಳಿಸಬಹುದಿತ್ತಲ್ಲ ಅಂತೀರಿ. ಒಂದು ಭಾನುವಾರ ಕೂತೆ. "ಸುಮ್ನಿರಮ್ಮ, ಅಕ್ಕಪಕ್ಕದೋರು ಏನಂದ್ಕೊಂಡಾರು? ಮೈಕ್‌ನಾಗೆ ನಾಕ್ ಜನದ ಮುಂದೆ ಹಾಡು, ಆವಾಗ ಕೇಳ್ತೀನಿ" ಅಂದ್ಲು ಅಮ್ಮ. ಒಳಗೊಳಗೆ ನನಗೂ ಅದೇ ಆಸೆ. ಆ ನಾಲ್ಕು ಜನರ ಮುಂದೆಯೇ ಅವಳು ಕೇಳಬೇಕು, ಅವಳು ಕೇಳೋದನ್ನ ಅವರು ನೋಡಬೇಕು.

ಈ ವರ್ಷ ಆ ಕಾಲ ಬಂತು. ವಯಸ್ಸಾಯ್ತು, ಈ ತಿಂಗಳಿಗೆ ಸಾಕು ಅಂತ ಶಾಲೆಯವರು ಅಮ್ಮನಿಗೆ ಹೇಳಿದರು. ಅದೇ ತಿಂಗಳು ಶಾಲೆಗೆ ಹೊಸ ಅಡುಗೆಮನೆ ಕಟ್ಟಿ ಮುಗಿಸಿದರು. ಇಷ್ಟು ವರ್ಷ ತಗಡಿನ ಕೊಟ್ಟಿಗೆಯಲ್ಲಿ ಹೊಗೆ ಕುಡಿದೋಳು ಹೊರಗೆ ಹೋಗ್ತಾಳೆ, ಟೈಲ್ಸ್ ಒಳಗೆ ಬರ್ತವೆ. ಏನ್ ಮುಹೂರ್ತ ಅಂತೀರಿ! ಹೆಡ್‌ಮಾಸ್ತರು ಫೋನ್ ಮಾಡಿದರು. "ಉದ್ಘಾಟನೆ ಇಟ್ಕೊಂಡಿದೀವಿ ಮೇಡಂ. ಸಾಹೇಬ್ರು ಬರೋವರೆಗೆ ಒಂದೆರಡು ಹಾಡ್ಬುಡಿ. ಹಂಗೇ ಟೈಮ್ ಉಳಿದ್ರೆ ನಿಮ್ಮಮ್ಮಂಗೂ ಒಂದು ಶಾಲು ಹಾಕೋಣ." ನಾನು ಒಂದೇ ಷರತ್ತು ಹಾಕಿದೆ: ನಾನು ಹಾಡುವಾಗ ಅಮ್ಮ ಮುಂದಿನ ಸಾಲಿನಲ್ಲಿ ಕೂತಿರಬೇಕು. "ಅದಕ್ಕೇನಂತೆ, ಕೂತ್ಕೊಳ್ಳಲಿ" ಅಂದರು. ಆವತ್ತಿನ ಅಡುಗೆಯನ್ನೂ ಅವಳೇ ಮಾಡಬೇಕು ಅನ್ನೋದನ್ನ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇನ್ಯಾರು ಮಾಡ್ತಾರೆ?

ಹೊಸ ಅಡುಗೆಮನೆಗೆ ರಿಬ್ಬನ್ ಕಟ್ಟಿತ್ತು, ಒಳಗೆ ಕಾಲಿಡೋ ಹಾಗಿಲ್ಲ. ಅಮ್ಮ ಬೆಳಗಿನ ಜಾವದಿಂದ ಹಳೇ ಕೊಟ್ಟಿಗೆಯಲ್ಲೇ ಬೇಯಿಸಿ ಹನ್ನೆರಡರ ಹೊತ್ತಿಗೆ ಸೀರೆ ಬದಲಾಯಿಸಿಕೊಂಡು ಬಂದ್ಲು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ, ಯಾರಾದರೂ ಏಳು ಅಂದರೆ ಏಳೋಕೆ ತಯಾರಾಗಿ ಕೂತ್ಲು. ನಾನು ಪಲ್ಲವಿ ಎತ್ತಿಕೊಂಡೆ.

ಮೊದಲನೇ ಚರಣಕ್ಕೆ ಹಿಂದಿನಿಂದ ಒಬ್ಬ ಸಿನಿಮಾ ಹಾಡು ಕೇಳಿದ. ಕೇಳಿಸದವಳ ಹಾಗೆ ಮುಂದಕ್ಕೆ ಹೋದೆ. ಎರಡನೇದಕ್ಕೆ ಮಕ್ಕಳಿಗೆ ಇದು ತಮ್ಮದೇ ಊಟದ ಹಾಡು ಅಂತ ಗೊತ್ತಾಗಿ ಚಪ್ಪಾಳೆ ಶುರು ಮಾಡಿದವು. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಸಾಹೇಬ್ರ ಸುಳಿವಿಲ್ಲ. ಮೂರನೇದು ಮುಗೀತಾ ಬಂತು. ಇವತ್ತು ಹಾಡೇಬಿಡ್ತೀನಿ ಅಂತ ಉಸಿರು ತಗೊಂಡೆ. ಅಷ್ಟರಲ್ಲಿ ಗೇಟಿನ ಹತ್ತಿರ ಧೂಳು ಎದ್ದಿತು, ಧೂಳಿನೊಳಗೆ ಬಿಳೀ ಗಾಡಿ.

ನನ್ನ ಕೈ ತಾನಾಗೇ ತಂತಿ ಮೇಲೆ ಬಿದ್ದು ಹಾಡು ನಿಲ್ಲಿಸಿತು. ಯಾರೂ ಸನ್ನೆ ಮಾಡಲಿಲ್ಲ, ಯಾರೂ ಮೈಕು ಕಿತ್ತುಕೊಳ್ಳಲಿಲ್ಲ. ಅಷ್ಟಕ್ಕೆ ಸುಮ್ಮನಿದ್ದೆನಾ? "ಮುಖ್ಯ ಅತಿಥಿಗಳು ಆಗಮಿಸುತ್ತಿದ್ದಾರೆ, ಎಲ್ಲರೂ ದಯವಿಟ್ಟು ಎದ್ದು ನಿಂತು ಸ್ವಾಗತಿಸಬೇಕು" ಅಂತ ಘೋಷಣೆ ಬೇರೆ ಮಾಡಿದೆ. ಊರಿಗೆ ಊರೇ ಎದ್ದು ನಿಂತಿತು. ವಾಲಗದವರು ಊದಿದರು. ಹೆಡ್‌ಮಾಸ್ತರು ಹಾರ ಹಿಡಿದು ಓಡಿದರು. ಗಾಡಿ ನಿಂತಿತು, ಬಾಗಿಲು ತೆರೆಯಿತು, ಬೀಡಿ ಕಚ್ಚಿಕೊಂಡ ಶಾಮಿಯಾನದವನು ಇಳಿದ. ಅದು ಕಡಿಮೆ ಬಿದ್ದ ಕುರ್ಚಿಗಳನ್ನ ತಂದ ಟೆಂಪೋ.

"ಹಾರ ಕುರ್ಚಿಗೇ ಹಾಕ್ಬುಡಿ ಸಾ, ಎಲ್ಲಾರು ಹೊಡ್ದಾಡೋದು ಅದಕ್ಕೇ ಅಲ್ವಾ" ಅಂತ ಯಾರೋ ಕೂಗಿದ. ಜನ ಬಿದ್ದೂ ಬಿದ್ದೂ ನಕ್ಕರು, ನಾನೂ ನಕ್ಕೆ. ನಗ್ತಾನೇ ಮುಂದಿನ ಸಾಲಿನ ಕಡೆ ನೋಡಿದೆ. ಅಮ್ಮನ ಕುರ್ಚಿ ಖಾಲಿ. ನನ್ನ ಘೋಷಣೆ ಕೇಳಿದ್ದೇ ಪಾಯಸ ಬಿಸಿ ಮಾಡೋಕೆ ಕೊಟ್ಟಿಗೆಗೆ ಓಡಿದ್ದಳು.

ಹೋಗಿ ನೋಡಿದರೆ ಹೊಗೆಯಲ್ಲಿ ನಿಂತು ಸೌಟು ಆಡಿಸ್ತಿದ್ದಾಳೆ. "ಮುಗೀತಾ? ಚೆನ್ನಾಗಿತ್ತು ಕಣಮ್ಮ" ಅಂದ್ಲು. "ಹೊಗೆ ಬಂತು, ಮಕ್ಳು ಬಂದ್ರು, ಹಂಡೇನೂ ಬಂತು. ನಿನ್ ಮ್ಯಾಲೆ ಬರ್ದಿದೀನಿ ಅಂತಿದ್ದೆ. ನಾನೆಲ್ಲೂ ಬರ್ಲೇ ಇಲ್ವಲ್ಲ?"

ನನ್ನ ಮೇಲೆ ನನಗೇ ಅಸಹ್ಯವಾಯ್ತು. ನಿಜ ಹೇಳೋಕೆ ಬಾಯಿ ಬರಲಿಲ್ಲ. "ಕೊನೇಲಿ ಬರ್ತೀಯಮ್ಮ. ಸಾಹೇಬ್ರು ಬಂದ್ಬುಟ್ರಲ್ಲ, ನಿಲ್ಲಿಸ್ಬೇಕಾಯ್ತು" ಅಂದೆ.

"ಹೋಗ್ಲಿ ಬುಡು. ಅಷ್ಟು ದೊಡ್ಡೋರು ಬಂದಾಗ ನಮ್ದೇನೈತೆ" ಅಂತ ನನ್ನನ್ನೇ ಸಮಾಧಾನ ಮಾಡಿ, ಪಾಯಸಕ್ಕೆ ಏಲಕ್ಕಿ ಪುಡಿ ಉದುರಿಸಿದ್ಲು.

ಸಾಹೇಬ್ರು ಆಗಿನ್ನೂ ಮಧುಗಿರಿಯನ್ನೇ ಬಿಟ್ಟಿರಲಿಲ್ಲ.